ಶಾಲು ಹೊದಿಸುವ ಮುನ್ನ: ಕೊಡಗಿನ ಸಮಾಜಗಳಿಗೊಂದು ಬಹಿರಂಗ ಪತ್ರ

ಕೊಡಗಿನ ಎಲ್ಲ ಸಮಾಜಗಳ, ಕುಟುಂಬ ಸಂಘಗಳ, ಕ್ರೀಡಾಕೂಟ ಸಮಿತಿಗಳ ಹಾಗೂ ಸಹಕಾರ ಸಂಘಗಳ ಪದಾಧಿಕಾರಿಗಳಿಗೆ,



ನಿಮ್ಮ ವಾರ್ಷಿಕ ಮಹಾಸಭೆಗಳಲ್ಲಿ ಸನ್ಮಾನವಿಲ್ಲದ ಮಹಾಸಭೆ ಅಪರೂಪ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ಸೇನೆಯಲ್ಲಿ ಬಡ್ತಿ ಪಡೆದವರಿಗೆ ಶಾಲು, ರಾಜ್ಯ ತಂಡಕ್ಕೆ ಆಯ್ಕೆಯಾದ ಆಟಗಾರರಿಗೆ ಹಾರ, ಪ್ರಶಸ್ತಿ ಬಂದ ಹಿರಿಯರಿಗೆ ನೆನಪಿನ ಕಾಣಿಕೆ. ಇದನ್ನೆಲ್ಲ ಸ್ವಂತ ಸಮಯ, ಸ್ವಂತ ಹಣ ಹಾಕಿ ಮಾಡುವವರು ನೀವು. ಅದಕ್ಕೆ ಊರು ಋಣಿ. ಆದರೆ ಸನ್ಮಾನಿತರ ಪಟ್ಟಿಯನ್ನು ಒಮ್ಮೆ ಸಾವಧಾನವಾಗಿ ನೋಡಿ. ಅಂಕ ಕೊಟ್ಟದ್ದು ಪರೀಕ್ಷಾ ಮಂಡಳಿ, ಬಡ್ತಿ ಕೊಟ್ಟದ್ದು ಸೇನೆ, ಆಯ್ಕೆ ಮಾಡಿದ್ದು ಕ್ರೀಡಾ ಸಂಸ್ಥೆ, ಪ್ರಶಸ್ತಿ ಘೋಷಿಸಿದ್ದು ಸರ್ಕಾರ. ಗೆದ್ದವರು ಯಾರೆಂದು ಬೇರೆಯವರು ತೀರ್ಮಾನಿಸಿದ ಮೇಲೆ ನಾವು ಶಾಲು ಹಿಡಿದು ಹೊರಡುತ್ತೇವೆ. ನಮ್ಮವರ ಸಾಧನೆಯನ್ನು ಸಂಭ್ರಮಿಸುವ ಕೆಲಸವನ್ನು ನಾವು ಚೆನ್ನಾಗಿ ಮಾಡುತ್ತೇವೆ, ಅದಕ್ಕೂ ಮುಂಚೆ ಆಗಬೇಕಾದ ಗುರುತಿಸುವ ಕೆಲಸವನ್ನು ಮಾತ್ರ ಹೊರಗಿನವರಿಗೆ ಬಿಟ್ಟುಕೊಟ್ಟಿದ್ದೇವೆ. ಆ ಕೆಲಸವನ್ನು ಮರಳಿ ನಮ್ಮ ಕೈಗೆ ತೆಗೆದುಕೊಳ್ಳಬೇಕು ಎಂಬುದು ಈ ಪತ್ರದ ಏಕೈಕ ಕೋರಿಕೆ.

ಹೊರಗಿನ ಕಣ್ಣನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನ ಚರಿತ್ರೆಯಲ್ಲೇ ದೊಡ್ಡ ಸಾಕ್ಷಿ ಇದೆ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಭಾರತೀಯ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಆ ದಿನ ಮೀಸಲಿನಲ್ಲಿದ್ದವರು. ಹೊರಟವರಲ್ಲಿ ಯಾರಾದರೂ ಹಿಂದೆ ಉಳಿದರೆ ಮಾತ್ರ ಅವರ ಸರದಿ. ಅವರು ಹೋದರು, ಮರಳಲಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು. ನಿಜವಾಗಿ ನಡೆದದ್ದು ಬೇರೆ. ತಮ್ಮ ಮೇಲೆರಗಿದ ಪಾಕಿಸ್ತಾನದ ಸ್ಟಾರ್‌ಫೈಟರನ್ನು, ಅಂದರೆ ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ, ಎಷ್ಟೋ ಹೊಸ ವಿಮಾನವನ್ನು, ಪೆಟ್ಟು ತಿಂದ ತಮ್ಮ ಮಿಸ್ಟೇರ್‌ನಿಂದಲೇ ಎದುರಿಸಿ ಅವರು ಹೊಡೆದುರುಳಿಸಿದ್ದರು. ಅದನ್ನು ಕಂಡ ನಮ್ಮ ಕಡೆಯ ಸಾಕ್ಷಿ ಯಾರೂ ಇರಲಿಲ್ಲ. ಆ ಕಾಳಗದ ವಿವರ ಬೆಳಕಿಗೆ ಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನಿ ವಾಯುಪಡೆಯ ದೃಷ್ಟಿಯಿಂದ ಬರೆದ ಯುದ್ಧದ ಪುಸ್ತಕದಿಂದ. ಆಗ ದೇವಯ್ಯನವರ ಜತೆಗೆ ಸೇವೆ ಸಲ್ಲಿಸಿದ್ದವರು ಎಚ್ಚೆತ್ತು ಬೆನ್ನು ಹತ್ತಿದರು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಹುತಾತ್ಮರಾಗಿ 23 ವರ್ಷಗಳ ಮೇಲೆ. ಅಷ್ಟು ಕಾಲ ಆ ಸಾಹಸ ನಡೆದೇ ಇರಲಿಲ್ಲವೆಂದಲ್ಲ. ಕೇಳುವವರು, ಹುಡುಕುವವರು, ಬರೆದಿಡುವವರು ಇರಲಿಲ್ಲ. 2025ರ ಜನವರಿಯಲ್ಲಿ ತೆರೆಗೆ ಬಂದ ‘ಸ್ಕೈ ಫೋರ್ಸ್’ ಹಿಂದಿ ಚಿತ್ರ ಈ ಸಾಹಸದಿಂದಲೇ ಪ್ರೇರಣೆ ಪಡೆದದ್ದು. ಅದರಲ್ಲಿ ಪಾತ್ರಕ್ಕೆ ಇಟ್ಟ ಹೆಸರು ಬೇರೆ. ನಮ್ಮವರ ಕತೆಯನ್ನು ನಾವೇ ಗಟ್ಟಿಯಾಗಿ ಹೇಳಿಕೊಳ್ಳದಿದ್ದರೆ ಇತರರು ಅದನ್ನು ತಮಗೆ ಬೇಕಾದ ಹೆಸರಿನಲ್ಲಿ ಹೇಳುತ್ತಾರೆ. ಸಿಪಾಯಿಗಳನ್ನು ಇಷ್ಟು ಗೌರವಿಸುವ ನಾಡಿನಲ್ಲೇ ಸಿಪಾಯಿಯೊಬ್ಬರ ಕತೆ ಹೀಗಾಯಿತು ಎಂಬುದನ್ನು ಗಮನಿಸಬೇಕು. ಜನರಲ್ ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂದದ್ದು ಕೂಡ 1986ರಲ್ಲಿ, ಅವರು ನಿವೃತ್ತರಾಗಿ 33 ವರ್ಷ ಕಳೆದ ಮೇಲೆ. ಪುಣ್ಯಕ್ಕೆ ಅವರು ಅದನ್ನು ಕಣ್ಣಾರೆ ಕಂಡರು.

ಸೇನೆಯ ಸಾಹಸಕ್ಕೆ ಕೊನೆಗೂ ಒಂದು ದಾಖಲೆ, ಒಂದು ಪದಕ ಸಿಗುತ್ತದೆ. ಬರವಣಿಗೆಯ ವಿಷಯದಲ್ಲಿ ಅಷ್ಟೂ ಖಾತ್ರಿಯಿಲ್ಲ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಗೌರಮ್ಮ, ಗಂಡನ ಹೆಸರಿನ ಮರೆಯಲ್ಲಿ ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂದು ಸಹಿ ಹಾಕಿ ಕತೆ ಬರೆದರು. ವಿಧವೆಯರ ಪಾಡು, ಜಾತಿ ಮೀರಿದ ಪ್ರೀತಿ, ಹೆಣ್ಣಿನ ಆಯ್ಕೆ ಇವನ್ನೆಲ್ಲ ಕಾಫಿ ತೋಟದ ಮನೆಯೊಂದರಲ್ಲಿ ಕೂತು, ಇಪ್ಪತ್ತರ ಹರೆಯದಲ್ಲಿ ಬರೆದವರು ಅವರು. 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡಾಗ ವಯಸ್ಸು 27. ‘ಕಂಬನಿ’, ‘ಚಿಗುರು’ ಎರಡೂ ಸಂಕಲನಗಳು ಪ್ರಕಟವಾದದ್ದು ಅವರು ಹೋದ ಮೇಲೆ. ಅವರ ಅಳಿವಿಗೆ ಮರುಗಿ ಕವಿತೆ ಬರೆದವರು ದೂರದ ಧಾರವಾಡದ ಬೇಂದ್ರೆ. ಇದೇ ಗೌರಮ್ಮನ ಕತೆಗಳನ್ನು ಇಂಗ್ಲಿಷಿಗೆ ಅನುವಾದಿಸಿ 2023ರಲ್ಲಿ ಹೊರತಂದವರು ಮಡಿಕೇರಿಯವರೇ ಆದ ದೀಪಾ ಭಾಸ್ತಿ. ಸುಮಾರು ಎಂಟೂವರೆ ದಶಕದ ಹಿಂದೆ ಮರೆಯಾದ ಕೊಡಗಿನ ಹೆಣ್ಣುಮಗಳೊಬ್ಬಳ ಬರಹವನ್ನು ಕೊಡಗಿನ ಇನ್ನೊಬ್ಬ ಹೆಣ್ಣುಮಗಳು ಜಗತ್ತಿನ ಮುಂದಿಟ್ಟದ್ದು, ಊರು ಹಬ್ಬ ಮಾಡಬೇಕಾದಷ್ಟು ದೊಡ್ಡ ಕೆಲಸ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲ ಬಾರಿ, ಕಥಾ ಸಂಕಲನವೊಂದಕ್ಕೂ ಮೊದಲ ಬಾರಿ. ಆಗ ಲೇಖಕಿಯ ಜತೆಗೆ ಅನುವಾದಕಿಯ ಹೆಸರೂ ಮನೆಮನೆಗೆ ಮುಟ್ಟಿತು. ನನ್ನ ಪ್ರಶ್ನೆ ಇಷ್ಟೇ: 2023ರ ಪುಸ್ತಕದ ಬೆಲೆಯನ್ನು ಎಲ್ಲರಿಗಿಂತ ಮೊದಲು ತಿಳಿಯಬಲ್ಲವರು ನಾವಲ್ಲದೆ ಇನ್ನಾರು? ಆ ಕತೆಗಳಲ್ಲಿರುವ ಮಳೆ, ತೋಟ, ಮನೆಗಳು ಲಂಡನ್ನಿನ ತೀರ್ಪುಗಾರರಿಗಿಂತ ನಮಗೆ ಹತ್ತಿರ. ಹತ್ತಿರದವರು ದೂರದವರ ತೀರ್ಪಿಗೆ ಕಾಯಬೇಕಾದ್ದಿಲ್ಲ.

ಯಾಕೆ ಹೀಗಾಗುತ್ತದೆ? ಬೇಕೆಂದೇ ಯಾರೂ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಅಭ್ಯಾಸವಾದದ್ದು ಮಾತ್ರ ಕಣ್ಣಿಗೆ ಬೀಳುತ್ತದೆ, ಅಷ್ಟೆ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮುಂದೆ ಹಂಗೆರಿಗೆ ರಾಯಭಾರಿಯೂ ಆದರು. ಆದರೂ ಮೇಲಿನ ದರ್ಜೆಯ ಬಡ್ತಿಯ ಮಾತು ಬಂದಾಗ ಅವರನ್ನು ಬದಿಗಿರಿಸಲಾಯಿತು. ಹೆಣ್ಣು ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾದೀತು ಎನಿಸಿದರೆ ರಾಜೀನಾಮೆ ಕೊಡಬೇಕು ಎಂಬ ನಿಯಮ ಪುಸ್ತಕದಲ್ಲೇ ಇದ್ದ ಕಾಲ ಅದು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಬಡ್ತಿ ಸಿಕ್ಕಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಮೂವತ್ತು ವರ್ಷ ಕಣ್ಣೆದುರೇ ಕೆಲಸ ಮಾಡಿದವರ ಯೋಗ್ಯತೆ ಒಂದು ಇಡೀ ಇಲಾಖೆಗೆ ಕಾಣಲಿಲ್ಲವೆಂದರೆ, ನಮ್ಮ ಸಮಾಜಗಳಿಗೆ ಏನೇನು ಕಾಣದೆ ಹೋಗಿರಬಹುದು? ಗೆಲುವು ಎಂದರೆ ಅಂಕ, ಪದಕ, ಸಮವಸ್ತ್ರ ಎಂದು ಒಮ್ಮೆ ಮನಸ್ಸಿನಲ್ಲಿ ಕೂತರೆ ಬೇರೆ ಆಕಾರದ ಗೆಲುವು ಎದುರಿಗೇ ನಿಂತರೂ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಸರಿಪಡಿಸಲು ಹೊರಗಿನಿಂದ ಪಾಠ ಕಲಿಯುವ ಅಗತ್ಯವಿಲ್ಲ. ನಾವೇ ಕಟ್ಟಿದ ಮಾದರಿ ನಮ್ಮ ಮೈದಾನದಲ್ಲೇ ಇದೆ. ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದಾಗ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡಗಳು ಹೆಸರು ಕೊಟ್ಟವು. ದಾಖಲೆಯ ಬಗ್ಗೆ ಬೇಕಾದಷ್ಟು ಮಾತಾಗಿದೆ, ಅದರ ಒಳಗಿನ ಲೆಕ್ಕದ ಬಗ್ಗೆ ಯಾರೂ ಹೆಚ್ಚು ಯೋಚಿಸಿದಂತಿಲ್ಲ. 360 ತಂಡಗಳಲ್ಲಿ ಕಪ್ ಎತ್ತುವುದು ಒಂದೇ ತಂಡ. 359 ಕುಟುಂಬಗಳು ಸೋತು ಮನೆಗೆ ಹೋಗುತ್ತವೆ. ಗೆಲುವೆಂದರೆ ಕಪ್ ಮಾತ್ರ ಆಗಿದ್ದರೆ ಈ ಉತ್ಸವ ಮೂರನೆಯ ವರ್ಷಕ್ಕೇ ಸೊರಗಬೇಕಿತ್ತು. ಅದು ಬೆಳೆದದ್ದು ಯಾಕೆಂದರೆ ಅಲ್ಲಿ ಬೇರೆಯದೇ ಗೆಲುವುಗಳು ಎಣಿಕೆಗೆ ಬರುತ್ತವೆ. ಹೈಸ್ಕೂಲಿನ ಹುಡುಗಿ ಚಿಕ್ಕಪ್ಪನ ಪಕ್ಕದಲ್ಲಿ ನಿಂತು ಆಡುತ್ತಾಳೆ. ಮದುವೆಯಾದ ಹೆಣ್ಣುಮಕ್ಕಳು ತವರಿನ ಹೆಸರಿನಲ್ಲೋ ಗಂಡನ ಮನೆಯ ಹೆಸರಿನಲ್ಲೋ ಕಣಕ್ಕಿಳಿಯುತ್ತಾರೆ. ರಜೆ ಹಾಕಿ ಬಂದ ಯೋಧ, ಬೆಂಗಳೂರಿನ ಕಂಪನಿಯ ಉದ್ಯೋಗಿ, ತೋಟ ನೋಡಿಕೊಳ್ಳುವ ಅಣ್ಣ ಒಂದೇ ಅಂಗಿ ತೊಟ್ಟು ಓಡುತ್ತಾರೆ. ಮೈಕಿನಲ್ಲಿ ಕುಟುಂಬದ ಹೆಸರು ಮೊಳಗುತ್ತದೆ, ಗೋಲು ಹೊಡೆದವರ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅಷ್ಟು ದೊಡ್ಡ ಜನಸ್ತೋಮದ ಎದುರು ಹೆಸರು ಕೇಳಿಸಿಕೊಂಡ ಮಗು ಮುಂದಿನ ವರ್ಷ ತಾನಾಗಿ ಸ್ಟಿಕ್ ಹಿಡಿಯುತ್ತದೆ. ಆತಿಥ್ಯವನ್ನು ವರ್ಷಕ್ಕೊಂದು ಕುಟುಂಬ ವಹಿಸುವುದರಿಂದ ಗುರುತಿಸುವ ಅಧಿಕಾರ ಯಾರೊಬ್ಬರ ಕೈಯಲ್ಲೂ ಉಳಿಯುವುದಿಲ್ಲ. ಕುಟ್ಟಪ್ಪನವರ ನಿಜವಾದ ಜಾಣ್ಮೆ ಇದ್ದದ್ದು ಇಲ್ಲಿ. ಆಟಗಾರರು ಎಲ್ಲ ಕಾಲದಲ್ಲೂ ಇದ್ದರು. ಆ ಆಟಗಾರರು ಒಬ್ಬರಿಗೊಬ್ಬರು ಕಾಣುವ ಜಾಗವನ್ನು ಕುಟ್ಟಪ್ಪನವರು ಮಾಡಿಕೊಟ್ಟರು.

ಇನ್ನೂ ಹಿಂದಕ್ಕೆ ಹೋದರೆ ನರಿಮಂಗಲದ, ಅಂದರೆ ಹುಲಿ ಮಂಗಲದ, ಪದ್ಧತಿ ಸಿಗುತ್ತದೆ. ಊರಿನ ದನಕರುಗಳಿಗೆ ಕಂಟಕವಾದ ಹುಲಿಯನ್ನು ಕೊಂದವನಿಗೆ ಮದುಮಗನಂತೆ ಉಡುಗೆ ತೊಡಿಸಿ, ಚಪ್ಪರದಡಿ ಮುಕ್ಕಾಲಿಯ ಮೇಲೆ ಕೂರಿಸುತ್ತಿದ್ದರು. ಸತ್ತ ಹುಲಿ ಪಕ್ಕದಲ್ಲೇ ತೂಗುತ್ತಿತ್ತು. ಬಂದವರು ಒಬ್ಬೊಬ್ಬರಾಗಿ ಅಕ್ಕಿ ತಳಿದು ಹರಸಿ, ಹಾಲು ಕುಡಿಸಿ, ಕೈಗೆ ಕಾಣಿಕೆ ಇಟ್ಟು ಮುಂದೆ ಸಾಗುತ್ತಿದ್ದರು. ಹುಲಿ ಬೇಟೆಯ ಕಾಲ ಮುಗಿಯಿತು. ಮುಗಿದದ್ದೇ ಒಳ್ಳೆಯದು, ಇಂದು ಹುಲಿಯನ್ನು ಉಳಿಸಿದವರಿಗೆ ಅಕ್ಕಿ ಹಾಕಬೇಕು. ನನಗೆ ಇಲ್ಲಿ ಮುಖ್ಯವೆನಿಸುವುದು ಆ ಮಂಗಲದ ಕ್ರಮ. ಸಾಧನೆ ಏನೆಂಬುದಕ್ಕೆ ಪುರಾವೆ ಎಲ್ಲರ ಕಣ್ಣೆದುರು ಇತ್ತು. ಹರಸುವವರಿಗೆ ಆ ಕಾಡು ಗೊತ್ತು, ಆ ಅಪಾಯ ಗೊತ್ತು, ಆ ಮನುಷ್ಯನೂ ಗೊತ್ತು. ವೇದಿಕೆಯಲ್ಲಿ ಒಬ್ಬ ಗಣ್ಯರು ಎಲ್ಲರ ಪರವಾಗಿ ಶಾಲು ಹೊದಿಸಿ ಮುಗಿಸುತ್ತಿರಲಿಲ್ಲ. ಪ್ರತಿಯೊಬ್ಬರೂ ಎದುರಿಗೆ ಬಂದು ಮುಖ ನೋಡಿ ಮುಂದೆ ಹೋಗಬೇಕಿತ್ತು. ನಮ್ಮ ಈಗಿನ ಸನ್ಮಾನಗಳಲ್ಲಿ ಸನ್ಮಾನಿತರು ಏನು ಮಾಡಿದರು ಎಂಬುದನ್ನು ನಿರೂಪಕರು ಎರಡು ವಾಕ್ಯದಲ್ಲಿ ಓದುತ್ತಾರೆ, ಅಷ್ಟರಲ್ಲಿ ಫೋಟೋ ತೆಗೆದಾಗಿರುತ್ತದೆ. ಸಭಿಕರಿಗೆ ಆ ಸಾಧನೆಯ ಕಷ್ಟ ತಿಳಿಯದೆ ಉಳಿಯುತ್ತದೆ.

ಹಾಗಾದರೆ ಯಾರು ನಮ್ಮ ಕಣ್ಣು ತಪ್ಪಿಸಿಕೊಂಡಿದ್ದಾರೆ? ಅರೇಬಿಕಾ ಕಾಫಿ ತೋಟದಲ್ಲಿ ಬೋರರ್, ಅಂದರೆ ಬಿಳಿ ಕಾಂಡಕೊರಕ, ಹುಡುಕುವ ಕೆಲಸವನ್ನೇ ತೆಗೆದುಕೊಳ್ಳಿ. ಬಿಳಿ ಕಾಂಡಕೊರಕದ ದುಂಬಿ ವರ್ಷಕ್ಕೆ ಎರಡು ಹೊತ್ತಿನಲ್ಲಿ, ಏಪ್ರಿಲ್–ಮೇ ಮತ್ತು ಅಕ್ಟೋಬರಿನಿಂದ ಡಿಸೆಂಬರ್, ಹೊರಗೆ ಹಾರುತ್ತದೆ. ಅದಕ್ಕೆ ಮುಂಚೆ ಸೋಂಕು ತಗಲಿದ ಗಿಡ ಯಾವುದೆಂದು ಪತ್ತೆ ಮಾಡಿ ಕಿತ್ತು ಸುಡದಿದ್ದರೆ ಸುತ್ತಲಿನ ಹತ್ತಾರು ಗಿಡ ಹೋಗುತ್ತವೆ. ಹುಳು ಇರುವುದು ಕಾಂಡದ ಒಳಗೆ, ಹೊರಗೆ ಕಾಣುವುದು ತೊಗಟೆಯ ಮೇಲಿನ ಸಣ್ಣ ಉಬ್ಬುಗೆರೆ, ತುಸು ಹಳದಿಗೆ ತಿರುಗಿದ ಎಲೆ. ಸಾವಿರಾರು ಗಿಡಗಳ ನಡುವೆ ನಡೆಯುತ್ತ ಆ ಗೆರೆಯನ್ನು ಹಿಡಿಯುವ ಕಣ್ಣು ಎಲ್ಲ ಆಳುಗಳಿಗೂ ಇರುವುದಿಲ್ಲ. ಇರುವವರು ಯಾರೆಂದು ತೋಟದ ರೈಟರಿಗೂ ಮೇಸ್ತ್ರಿಗೂ ಚೆನ್ನಾಗಿ ಗೊತ್ತು. ಅಂಥ ಒಬ್ಬ ಹೆಂಗಸು ಒಂದು ಋತುವಿನಲ್ಲಿ ಉಳಿಸಿಕೊಡುವ ಕಾಫಿಯ ಬೆಲೆ ಎಷ್ಟು ಎಂದು ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ. ಕಾಫಿ ಮಂಡಳಿ 2002ರಲ್ಲಿ ಆರಂಭಿಸಿದ ‘ಫ್ಲೇವರ್ ಆಫ್ ಇಂಡಿಯಾ’ ಸ್ಪರ್ಧೆಯಲ್ಲಿ ಉತ್ತಮ ಕಾಫಿಗೆ ಬಹುಮಾನ ಕೊಟ್ಟಿದೆ, ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆ ಗುರುತಿನ ಹಿಂದೆ ನಿಂತ ಎರವ, ಕುರುಬ ಹೆಣ್ಣುಮಕ್ಕಳ ಹೆಸರು ಎಲ್ಲೂ ದಾಖಲಾಗುವುದಿಲ್ಲ. ಪುತ್ತರಿಗೆ, ಮದುವೆಗೆ, ಹಾಕಿಯ ಫೈನಲಿಗೆ ವಾಲಗ ಊದುವವರೂ ಹೀಗೆಯೇ. ಗೆದ್ದವರನ್ನು ಮೈದಾನಕ್ಕೆ ಕರೆತರುವ ವಾಲಗದ ತಂಡದಲ್ಲಿ ಎಷ್ಟೋ ವರ್ಷಗಳಿಂದ ವಾದ್ಯ ಊದಿದವರಿಗೆ ಆ ವೇದಿಕೆಯಲ್ಲಿ ಎಂದಾದರೂ ಕುರ್ಚಿ ಸಿಕ್ಕಿತೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ರಾಣಿ ಮಾಚಯ್ಯನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಉಮ್ಮತ್ತಾಟ್‌ಗೆ ದೊಡ್ಡ ಗೌರವ ಸಂದಿತು. ಅದೇ ನೃತ್ಯಕ್ಕೆ ತಾಳ, ಹಾಡು ಒದಗಿಸುವ ಇನ್ನೂ ಎಷ್ಟೋ ಕೈಗಳು, ಕಂಠಗಳು ಊರೂರಲ್ಲಿ ಇವೆ.

ಈ ಮಾತಿಗೆ ಬರುವ ಮೊದಲ ಆಕ್ಷೇಪ ನನಗೆ ತಿಳಿದಿದೆ. ಒಬ್ಬರನ್ನು ಕರೆದರೆ ಇನ್ನೊಬ್ಬರಿಗೆ ಬೇಸರ, ಒಂದು ಕುಟುಂಬಕ್ಕೆ ಮಣೆ ಹಾಕಿದರೆ ಪಕ್ಕದ ಕುಟುಂಬ ಮುಖ ತಿರುಗಿಸುತ್ತದೆ. ಅಂಕಪಟ್ಟಿಯಾದರೆ ತಕರಾರಿಲ್ಲ, ತೊಂಬತ್ತೈದು ಎಂದರೆ ತೊಂಬತ್ತೈದೇ ಎಂದು ನೀವು ಹೇಳಬಹುದು. ಇದು ಪೊಳ್ಳು ಭಯವಲ್ಲ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಸಣ್ಣ ಜಿಲ್ಲೆಯಲ್ಲಿ ಪದಾಧಿಕಾರಿಯೊಬ್ಬರು ನಾಳೆಯೂ ಅದೇ ಸಂತೆಯಲ್ಲಿ ಓಡಾಡಬೇಕು. ಆದರೆ ಅಂಕವನ್ನು ಅಳತೆಗೋಲು ಮಾಡಿಕೊಂಡಾಗ ನಾವು ಪಕ್ಷಪಾತದಿಂದ ಪಾರಾಗಿಲ್ಲ, ಪಕ್ಷಪಾತವನ್ನು ಬೇರೆ ಕಡೆಗೆ ದಾಟಿಸಿದ್ದೇವೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಹಾಸ್ಟೆಲ್ಲಿಗೆ ದುಡ್ಡು ಕಟ್ಟಲಾದ ಮನೆಯ ಮಗುವಿಗೂ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕರೆಂಟಿಲ್ಲದ ಹಾಡಿಯಿಂದ ಸರ್ಕಾರಿ ಶಾಲೆಗೆ ನಡೆದು ಬರುವ ಮಗುವಿಗೂ ಒಂದೇ ಗೆರೆ ಎಳೆದರೆ ಅದು ನ್ಯಾಯದ ಗೆರೆಯಲ್ಲ. ಎರಡನೆಯ ಮಗು ಶೇಕಡಾ ಅರುವತ್ತು ತೆಗೆದರೆ ಅದರ ಹಿಂದಿನ ದುಡಿಮೆ ಎಷ್ಟೆಂದು ಅದರ ಮೇಷ್ಟರನ್ನು ಕೇಳಿದರೆ ತಿಳಿಯುತ್ತದೆ. ಬೇಸರ ತಪ್ಪಿಸುವ ಉಪಾಯ ಕಣ್ಣು ಮುಚ್ಚುವುದರಲ್ಲಿಲ್ಲ, ಹೆಚ್ಚು ಕಡೆ ನೋಡುವುದರಲ್ಲಿದೆ. ವರ್ಷಕ್ಕೆ ಒಬ್ಬರನ್ನೇ ಆರಿಸಿದರೆ ಉಳಿದವರಿಗೆಲ್ಲ ಸೋತ ಭಾವ ಬರುತ್ತದೆ. ಹತ್ತು ಬಗೆಯ ಗೆಲುವನ್ನು ಹೆಸರಿಟ್ಟು ಹೇಳಿದರೆ ತಮ್ಮ ಸರದಿಯೂ ಬಂದೀತೆಂಬ ನಂಬಿಕೆ ಮೂಡುತ್ತದೆ. ಹಾಕಿ ಉತ್ಸವ ಆತಿಥ್ಯವನ್ನು ಸರದಿಯಲ್ಲಿ ಹಂಚಿದಂತೆ ಆಯ್ಕೆ ಸಮಿತಿಯನ್ನೂ ವರ್ಷ ವರ್ಷ ಬದಲಿಸಬಹುದು. ಆರಿಸಿದ ಕಾರಣವನ್ನು ಸಭೆಗೆ ಓದಿ ಹೇಳಬಹುದು.

ಎರಡನೆಯ ಆಕ್ಷೇಪ ಇನ್ನಷ್ಟು ಘನವಾದದ್ದು. ನಿಜವಾಗಿ ಕೆಲಸ ಮಾಡುವವರಿಗೆ ಹೊಗಳಿಕೆ ಬೇಕಿಲ್ಲ, ವೇದಿಕೆಗೆ ಎಳೆದು ತಂದರೆ ಅವರಿಗೆ ಮುಜುಗರ, ಎಲೆಮರೆಯ ಕಾಯಿಯನ್ನು ಅಲ್ಲೇ ಬಿಡುವುದು ಲೇಸು ಎನ್ನುತ್ತಾರೆ. ಅಂಥವರ ಸಂಕೋಚವನ್ನು ಗೌರವಿಸಬೇಕು, ಬೇಡವೆಂದವರನ್ನು ಒತ್ತಾಯಿಸಕೂಡದು. ಆದರೆ ಗುರುತಿಸುವುದು ಆ ಒಬ್ಬರ ಸಂತೋಷಕ್ಕೆ ಮಾತ್ರ ಇರುವ ಕ್ರಿಯೆಯಲ್ಲ. ಅದರಿಂದ ಊರಿಗೆ ತಿಳಿವಳಿಕೆ ದಕ್ಕುತ್ತದೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಕಟ್ಟುಪಾಡುಗಳನ್ನು ‘ಪಟ್ಟೋಲೆ ಪಳಮೆ’ಯಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಡದಿದ್ದರೆ ಇಂದು ನಮ್ಮ ಮಂಗಲಗಳಲ್ಲಿ ಎಷ್ಟು ಹಾಡು ಉಳಿದಿರುತ್ತಿತ್ತು? ಹಾಡುವವರಿಗೆ ಹೊಗಳಿಕೆ ಬೇಕಿತ್ತೋ ಇಲ್ಲವೋ, ನಮಗೆ ಆ ಹಾಡು ಬೇಕಿತ್ತು. ಬೋರರ್ ಹಿಡಿಯುವ ಕಣ್ಣು, ದುಡಿಯ ಚರ್ಮ ಬಿಗಿಯುವ ಕೈ, 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಯಾವ ದಾರಿಯಲ್ಲಿ ಜನರನ್ನು ಹೊರಗೆ ಕರೆತರಬಹುದೆಂದು ಬಲ್ಲ ಊರವರ ನೆನಪು, ಇವೆಲ್ಲ ಬರೆದಿಡದಿದ್ದರೆ ಒಂದು ತಲೆಮಾರಿನಲ್ಲಿ ಮುಗಿದುಹೋಗುತ್ತವೆ. ವೇದಿಕೆ ಬೇಡವೆಂದವರ ಮನೆಯ ಜಗಲಿಯಲ್ಲೇ ಕೂತು ಕೇಳಿ ಬರೆದುಕೊಳ್ಳಬಹುದು. ಶಾಲು ಬೇಡ ಎನ್ನುವವರು ಎಷ್ಟೋ ಮಂದಿ ತಮ್ಮ ಕೆಲಸದ ಬಗ್ಗೆ ಯಾರಾದರೂ ಸರಿಯಾದ ಪ್ರಶ್ನೆ ಕೇಳಲಿ ಎಂದು ಕಾದಿರುತ್ತಾರೆ.

ಸನ್ಮಾನವೇ ಅಗ್ಗವಾಗಿದೆ, ಇನ್ನೂ ಯಾಕೆ ಹೆಚ್ಚಿಸಬೇಕು ಎಂಬ ಮಾತೂ ಇದೆ. ದೇಣಿಗೆ ಕೊಟ್ಟವರಿಗೂ ಅದೇ ಶಾಲು, ಮೂವತ್ತು ವರ್ಷ ದುಡಿದವರಿಗೂ ಅದೇ ಶಾಲು ಆದಾಗ ಜನ ಹೀಗೆ ಹೇಳುವುದು ಸಹಜ. ದಾನಿಗಳಿಗೆ ಕೃತಜ್ಞತೆ ಸಲ್ಲಿಸುವುದು ಬೇರೆ, ಸಾಧಕರನ್ನು ಗುರುತಿಸುವುದು ಬೇರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸದಿದ್ದರೆ ಅರ್ಧ ಸಮಸ್ಯೆ ತೀರುತ್ತದೆ.

ನಿಮ್ಮ ಮನಸ್ಸಿಗೆ ಹೆಚ್ಚು ಕಷ್ಟವೆನಿಸಬಹುದಾದ ಮಾತು ಇನ್ನೊಂದಿದೆ. ಕೊಡವ ಸಮಾಜ ಕೊಡವರನ್ನು, ಗೌಡ ಸಮಾಜ ಗೌಡರನ್ನು, ಜಮಾಅತ್ ತನ್ನವರನ್ನು, ಚರ್ಚು ತನ್ನವರನ್ನು ನೋಡಿಕೊಳ್ಳುವುದು ತಪ್ಪಲ್ಲ. ಸಂಘ ಕಟ್ಟಿದ್ದೇ ಅದಕ್ಕೆ. ಆದರೆ ಸಂಘವೇ ಇಲ್ಲದವರ ಗೆಲುವನ್ನು ನೋಡುವವರು ಯಾರು? ಸೋಮವಾರಪೇಟೆಯ ಎಸ್.ವಿ. ಸುನಿಲ್ ಎರಡು ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದರು, 2014ರ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿದ್ದರು, 2017ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕೊಡಗಿನ ಹಾಕಿ ಒಂದೇ ಸಮುದಾಯದ್ದಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಒಂದು ಸಮಾಜ ತನ್ನ ಸನ್ಮಾನದಲ್ಲಿ ಒಂದು ಜಾಗವನ್ನು ತನ್ನದಲ್ಲದ ಸಮುದಾಯದ ಒಬ್ಬರಿಗೆ ಮೀಸಲಿಟ್ಟರೆ ಅದರಿಂದ ಆ ಸಮಾಜದ ಗೌರವ ಕುಂದುವುದಿಲ್ಲ. 2018ರ ಮಳೆಯಲ್ಲಿ ಮಡಿಕೇರಿಯ ಸಮಾಜಗಳು, ಶಾಲೆಗಳು, ಪ್ರಾರ್ಥನಾ ಮಂದಿರಗಳು ಬಾಗಿಲು ತೆರೆದಾಗ ಯಾರೂ ಬಂದವರ ಜಾತಿ ಕೇಳಲಿಲ್ಲ. ಸಂಕಟದಲ್ಲಿ ಆದದ್ದು ಸಂತೋಷದಲ್ಲಿಯೂ ಆಗಲಿ.

ಇನ್ನು ಕೆಲಸದ ಮಾತು. ಪದ್ಮ ಪ್ರಶಸ್ತಿಗೆ ಈಗ ಯಾವ ನಾಗರಿಕರು ಬೇಕಾದರೂ ಆನ್‌ಲೈನ್‌ನಲ್ಲಿ ನಾಮನಿರ್ದೇಶನ ಮಾಡಬಹುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಜಾಲತಾಣದಲ್ಲಿ ಹೆಸರಿನ ಜತೆಗೆ ಆ ವ್ಯಕ್ತಿಯ ಸಾಧನೆಯನ್ನು ಗರಿಷ್ಠ 800 ಪದಗಳಲ್ಲಿ ಬರೆದು ಕೊಡಬೇಕು. ಹರೇಕಳದ ಕಿತ್ತಳೆ ವ್ಯಾಪಾರಿ ಹಾಜಬ್ಬ ತಮ್ಮೂರಿಗೆ ಶಾಲೆ ಕಟ್ಟಿಸಿದ್ದು ಮೊದಲು ಕಣ್ಣಿಗೆ ಬಿದ್ದದ್ದು ಸ್ಥಳೀಯ ಪತ್ರಿಕೆಯವರಿಗೆ. ದಿಲ್ಲಿಯ ಪದ್ಮಶ್ರೀ ಬಂದದ್ದು ಆಮೇಲೆ, 2020ರಲ್ಲಿ. ನಮ್ಮ ಗಡಿಯಾಚೆ ಎಚ್.ಡಿ. ಕೋಟೆಯ ಸೋಮಣ್ಣನವರು ಜೇನುಕುರುಬರ ನಡುವೆ ನಾಲ್ಕು ದಶಕ ದುಡಿದದ್ದಕ್ಕೆ 2024ರಲ್ಲಿ ಅದೇ ಗೌರವ ಪಡೆದರು. ಅಲ್ಲಿಯ ಕಾಡು ನಾಗರಹೊಳೆಯ ಈಚೆ ಬದಿಯಲ್ಲೂ ಇದೆ, ಅಂಥ ದುಡಿಮೆಯೂ ಇದೆ. ಕೊರತೆ ಇರುವುದು 800 ಪದಗಳನ್ನು ಕೂತು ಬರೆಯುವವರದು. ಪ್ರಶಸ್ತಿ ಬಾರದಿದ್ದರೂ ಆ 800 ಪದ ನಷ್ಟವಲ್ಲ. ಅದು ಸಮಾಜದ ಕಡತದಲ್ಲಿರುತ್ತದೆ, ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಬಹುದು, ಶಾಲೆಯ ಮಕ್ಕಳಿಗೆ ಓದಿ ಹೇಳಬಹುದು.

ಅದಕ್ಕಾಗಿ ಪ್ರತಿ ಸಮಾಜವೂ ಕೈಲ್‌ಪೊಳ್ದ್‌ನಿಂದ ಪುತ್ತರಿಯವರೆಗಿನ ಕಾಲವನ್ನು ಹುಡುಕಾಟಕ್ಕೆ ಮೀಸಲಿಡಲಿ ಎಂಬುದು ನನ್ನ ಸಲಹೆ. ಮಳೆ ಹಿಂದಾಗಿರುತ್ತದೆ, ಹೊರಗಿದ್ದ ಮಕ್ಕಳು ಹಬ್ಬಕ್ಕೆ ಊರಿಗೆ ಬರುತ್ತಾರೆ, ಕಾಫಿ ಕೊಯ್ಲಿನ ಗಡಿಬಿಡಿ ಪೂರ್ತಿ ಶುರುವಾಗಿರುವುದಿಲ್ಲ. ಅರ್ಜಿ ಕರೆಯಬೇಡಿ. ಅರ್ಜಿ ಹಾಕುವವರು ಹೇಗೂ ಕಾಣಿಸುವವರೇ. ಅದರ ಬದಲು ಇಬ್ಬರು ಹೆಂಗಸರು, ಇಬ್ಬರು ಯುವಕರು, ಒಬ್ಬ ಹಿರಿಯರನ್ನು ಒಂದು ನೋಟ್‌ಬುಕ್ ಕೊಟ್ಟು ಕಳಿಸಿ. ಶಾಲೆಯ ಬಿಸಿಯೂಟದವರನ್ನು, ತೋಟದ ಮೇಸ್ತ್ರಿಯನ್ನು, ಅಂಚೆಯವರನ್ನು, ಆಶಾ ಕಾರ್ಯಕರ್ತೆಯನ್ನು, ಬಸ್ಸಿನ ಕಂಡಕ್ಟರನ್ನು ಅವರು ಕೇಳಲಿ. ಈ ಊರಿನಲ್ಲಿ ಯಾರು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ, ಈ ವರ್ಷ ಯಾರು ಹೋದ ವರ್ಷಕ್ಕಿಂತ ಕಷ್ಟದ್ದನ್ನು ಸಾಧಿಸಿದರು ಎಂಬ ಎರಡೇ ಪ್ರಶ್ನೆ ಸಾಕು. ಒಂದೇ ಹೆಸರು ಮೂರು ಬಾಯಲ್ಲಿ ಬಂದರೆ ಅವರ ಮನೆಗೆ ಹೋಗಿ, ಕೆಲಸ ನಡೆಯುವ ಜಾಗವನ್ನು ನೋಡಿ, ತಾರೀಖು, ಸ್ಥಳ, ಜತೆಗೆ ದುಡಿದವರ ಮಾತು ಎಲ್ಲವನ್ನೂ ಬರೆದುಕೊಳ್ಳಲಿ. ಮಹಾಸಭೆಯ ದಿನ ಆ ಬರಹವನ್ನು ಪೂರ್ತಿಯಾಗಿ ಓದಿಸಿ, ಓದು ಮುಗಿಯುವ ತನಕ ಶಾಲು, ಕ್ಯಾಮೆರಾ ಎರಡೂ ಕಾಯಲಿ. ಈ ವರ್ಷದ ಕಾರ್ಯಸೂಚಿ ಅಚ್ಚಾಗುವ ಮೊದಲು ನಿಮ್ಮ ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯ ಇಟ್ಟು ಚರ್ಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತು ನಿಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ನಿವಾಸಿ